ನೋವು ನಿಂತ ಹಲ್ಲಿನೊಳಗೆ

(ಮಂಡ್ಯದಲ್ಲಿ ಸಾರ್ವಜನಿಕರಿಗಾಗಿ ನಡೆದ ಸಭೆಯೊಂದರಲ್ಲಿ ರೂಟ್ ಕೆನಾಲ್ ಚಿಕಿತ್ಸೆಯ ಬಗ್ಗೆ ಆಡಿದ ಮಾತುಗಳನ್ನು, ಕೇಳಿದವರಲ್ಲಿ ಕೆಲವರು ಬಯಸಿದ್ದರಿಂದ, ಬರಹಕ್ಕೆ ಇಳಿಸಿದ್ದೇನೆ. ಅಂದು ಚಿತ್ರ ತೋರಿಸಿ ಮುಗಿಸಿದ್ದನ್ನು ಇಲ್ಲಿ ಮಾತಿನಲ್ಲಿ ಬಿಡಿಸಿ ಹೇಳಬೇಕಾಯಿತು.)

ಸಭೆಯಲ್ಲಿರುವ ಹಿರಿಯರಿಗೆ, ತಾಯಂದಿರಿಗೆ, ಗೆಳೆಯರಿಗೆ ನಮಸ್ಕಾರ.

ಕಳೆದ ವರ್ಷ ಮಳವಳ್ಳಿ ಕಡೆಯ ಒಬ್ಬ ತಾಯಿ ನನ್ನಲ್ಲಿಗೆ ಬಂದಿದ್ದರು. ವಯಸ್ಸು ಐವತ್ತೈದರ ಆಸುಪಾಸು. ಬಲಗಡೆಯ ಕೆನ್ನೆ ಊದಿಕೊಂಡು ಕಣ್ಣಿನ ಕೆಳಗಿನವರೆಗೂ ಬಿಗಿದಿತ್ತು; ಸೆರಗಿನಿಂದ ಅದನ್ನು ಮುಚ್ಚಿಕೊಂಡೇ ಕುಳಿತಿದ್ದರು. ಮೊದಲು ಯಾವಾಗಲಾದರೂ ನೋವು ಬಂದಿತ್ತೇ ಎಂದು ಕೇಳಿದೆ. "ಹೋದ ಸುಗ್ಗೀಲಿ ಎಂಟು ದಿನ ಪ್ರಾಣ ಹಿಂಡಿಬುಡ್ತು ಕಣಪ್ಪ, ಆಮೇಲೆ ತಂತಾನೆ ವಾಸಿ ಆಯ್ತು" ಎಂದರು. ಇವತ್ತು ನಾನು ಹೇಳಬೇಕೆಂದುಕೊಂಡಿರುವುದೆಲ್ಲವೂ ಆ ಒಂದು ಮಾತಿನಲ್ಲಿದೆ. ಎಂಟನೆಯ ದಿನ ಅವರ ಹಲ್ಲು ವಾಸಿಯಾಗಿರಲಿಲ್ಲ. ನೋವನ್ನು ಹೇಳಬೇಕಾದ ನರ ಅಂದು ಸತ್ತಿತ್ತು. ನೋವು ಹೋದರೆ ರೋಗವೂ ಹೋಯಿತು ಎಂಬ ಲೆಕ್ಕ ದೇಹದ ಬೇರೆ ಎಷ್ಟೋ ಕಡೆ ಸರಿಹೋಗಬಹುದು, ಹಲ್ಲಿನ ವಿಷಯದಲ್ಲಿ ಮಾತ್ರ ಅದು ಒಂದು ಸಲವಲ್ಲ, ಮೂರು ಸಲ ನಮ್ಮನ್ನು ದಾರಿ ತಪ್ಪಿಸುತ್ತದೆ. ಆ ಮೂರನ್ನೂ ಹೇಳುತ್ತೇನೆ. ಅದಕ್ಕೆ ಮೊದಲು ಹಲ್ಲಿನ ಒಳಗನ್ನು ಸ್ವಲ್ಪ ನೋಡಬೇಕು.

ಕನ್ನಡಿಯಲ್ಲಿ ನಮಗೆ ಕಾಣುವುದು ಇಡೀ ಹಲ್ಲಿನ ಅರ್ಧಕ್ಕಿಂತ ಕಡಿಮೆ ಭಾಗ. ಉಳಿದದ್ದು ಬೇರಾಗಿ ದವಡೆಯ ಮೂಳೆಯಲ್ಲಿ ಹೂತಿರುತ್ತದೆ. ಕಾಣುವ ಭಾಗದ ಮೇಲೆ ಎನಾಮಲ್ ಎಂಬ ಹೊದಿಕೆಯಿದೆ. ತೂಕದಲ್ಲಿ ಶೇ 96ರಷ್ಟು ಖನಿಜವೇ ಆಗಿರುವ ಈ ಹೊದಿಕೆ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಅದರಲ್ಲಿ ಜೀವಕೋಶಗಳಿಲ್ಲ, ಆದ್ದರಿಂದ ಒಮ್ಮೆ ಕುಳಿ ಬಿದ್ದರೆ ಚರ್ಮದಂತೆ ತಾನಾಗಿ ಕೂಡಿಕೊಳ್ಳುವುದಿಲ್ಲ. ಅದರ ಒಳಗೆ ಡೆಂಟಿನ್ ಇದೆ. ನೋಡಲು ಆನೆಯ ದಂತದಂತೆ ಹಳದಿ ಬಿಳುಪು, ಆದರೆ ಒಂದು ಚದರ ಮಿಲಿಮೀಟರ್ ಜಾಗದಲ್ಲಿ ಹತ್ತಾರು ಸಾವಿರ ಸೂಕ್ಷ್ಮ ಕೊಳವೆಗಳಿರುವ ವಸ್ತು. ತಣ್ಣೀರು ತಾಕಿದಾಗ ಹಲ್ಲು ಜುಂ ಎನ್ನುವುದು ಈ ಕೊಳವೆಗಳೊಳಗಿನ ದ್ರವ ಅಲುಗುವುದರಿಂದ. ಎಲ್ಲಕ್ಕಿಂತ ಒಳಗೆ ತಿರುಳು. ರಕ್ತನಾಳ, ನರ, ಜೀವಕೋಶಗಳಿಂದ ಕೂಡಿದ ಆ ಮೆತ್ತನೆಯ ತಿರುಳು ಹಲ್ಲಿನ ನಡುವಿನ ಕೋಣೆಯಿಂದ ಶುರುವಾಗಿ, ಪ್ರತಿ ಬೇರಿನೊಳಗಿನ ಕಿರಿದಾದ ನಾಳದಲ್ಲಿ ಇಳಿದು, ಬೇರಿನ ತುದಿಯಲ್ಲಿ ಅರ್ಧ ಮಿಲಿಮೀಟರ್‌ಗೂ ಕಡಿಮೆ ಅಗಲದ ರಂಧ್ರದ ಮೂಲಕ ದೇಹದ ಉಳಿದ ಭಾಗಕ್ಕೆ ಸೇರಿಕೊಂಡಿರುತ್ತದೆ. ಆ ಕಿರಿದಾದ ನಾಳವನ್ನೇ ರೂಟ್ ಕೆನಾಲ್ ಎನ್ನುವುದು. ರೂಟ್ ಕೆನಾಲ್ ಎಂಬುದು ಚಿಕಿತ್ಸೆಯ ಹೆಸರಲ್ಲ, ನಮ್ಮೆಲ್ಲರ ಹಲ್ಲಿನಲ್ಲೂ ಹುಟ್ಟಿನಿಂದ ಬಂದ ಒಂದು ಜಾಗದ ಹೆಸರು.

ನಮ್ಮ ಭಾಷೆಯಲ್ಲಿ ಕೆಟ್ಟ ಹಲ್ಲಿಗೆ ಹುಳುಕು ಹಲ್ಲು ಎನ್ನುತ್ತೇವೆ. ಹುಳು ತಿಂದಿದೆ ಎಂಬ ನಂಬಿಕೆ ಆ ಪದದಲ್ಲೇ ಕುಳಿತಿದೆ. ಇದು ನಮ್ಮೊಬ್ಬರ ನಂಬಿಕೆಯಲ್ಲ. ಪ್ರಾಚೀನ ಮೆಸೊಪೊಟೇಮಿಯದ ಮಣ್ಣಿನ ಹಲಗೆಗಳಲ್ಲೂ ಹಲ್ಲಿನ ಹುಳುವಿನ ಮಾತು ಇದೆ, ಸುಶ್ರುತ ಸಂಹಿತೆಯೂ ಕೃಮಿದಂತಕ ಎಂದೇ ಈ ರೋಗವನ್ನು ಕರೆದಿದೆ. ಫ್ರಾನ್ಸಿನ ಪಿಯೆರ್ ಫೋಶಾರ್ ಎಂಬ ದಂತವೈದ್ಯರು 1728ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಾವು ಹುಡುಕಿದರೂ ಹುಳು ಕಾಣಲಿಲ್ಲವೆಂದು ಆ ನಂಬಿಕೆಯನ್ನು ತಳ್ಳಿಹಾಕಿದರು. ಹಳ್ಳಿಗಳಲ್ಲಿ ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ ಅದರ ಹೊಗೆಯನ್ನು ಬಾಯಿಗೆ ಹಿಡಿಸಿ ಹುಳು ಉದುರಿಸುವ ಪದ್ಧತಿಯನ್ನು ನಿಮ್ಮಲ್ಲಿ ಹಿರಿಯರು ನೋಡಿರಬಹುದು. ಉದುರಿದಂತೆ ಕಾಣುವುದು ಬಿಸಿಗೆ ಒಡೆದ ಬೀಜದೊಳಗಿನ ಮೊಳಕೆಯ ಎಳೆ. ಹಾಗೆಂದು ಹಿರಿಯರು ಪೂರ್ತಿ ತಪ್ಪಿದರು ಎಂದು ನಾನು ಹೇಳಲಾರೆ. ಹಲ್ಲನ್ನು ಕೆಡಿಸುವುದು ಜೀವವಿರುವ ವಸ್ತುವೇ, ಕಣ್ಣಿಗೆ ಕಾಣದಷ್ಟು ಸಣ್ಣದು ಅಷ್ಟೇ. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಮುಂತಾದ ಬ್ಯಾಕ್ಟೀರಿಯಾಗಳು ನಾವು ತಿಂದ ಸಕ್ಕರೆ, ಬೆಲ್ಲ, ಬಿಸ್ಕತ್ತಿನ ಅಂಟನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಬಾಯಿಯ ಪಿಎಚ್, ಅಂದರೆ ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ, ಸುಮಾರು 5.5ಕ್ಕಿಂತ ಕೆಳಗೆ ಹೋದಾಗ ಎನಾಮಲ್ ಕರಗತೊಡಗುತ್ತದೆ. ಎಷ್ಟು ಸಿಹಿ ತಿಂದೆವು ಎಂಬುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದೆವು ಎಂಬುದು ಇಲ್ಲಿ ಹೆಚ್ಚು ಮುಖ್ಯ. ಊಟದ ಜೊತೆ ಒಂದು ಅಚ್ಚು ಬೆಲ್ಲ ತಿಂದವನಿಗಿಂತ, ಅದನ್ನೇ ಬೆಳಗಿನಿಂದ ಸಂಜೆಯವರೆಗೆ ಚೂರುಚೂರಾಗಿ ಬಾಯಿಗೆ ಹಾಕಿಕೊಂಡವನ ಹಲ್ಲು ಬೇಗ ಕೆಡುತ್ತದೆ.

ಕುಳಿ ಎನಾಮಲ್ಲನ್ನು ದಾಟಿ ಡೆಂಟಿನ್ನಿಗೆ ಬಂದಾಗ ತಣ್ಣಗಿನದು, ಸಿಹಿ ತಾಕಿದರೆ ಜುಂ ಎನ್ನುತ್ತದೆ. ಬಾಯಿಂದ ಅದು ಹೋದ ಕೆಲವು ಕ್ಷಣಗಳಲ್ಲಿ ನೋವೂ ಹೋಗುತ್ತದೆ. ಈ ಹಂತದಲ್ಲಿ ಬಂದರೆ ಕೆಟ್ಟ ಭಾಗವನ್ನು ತೆಗೆದು ನಾವೆಲ್ಲ ಸಿಮೆಂಟ್ ಎಂದು ಕರೆಯುವ ಫಿಲ್ಲಿಂಗ್ ತುಂಬಿದರೆ ಸಾಕು, ತಿರುಳು ಚೇತರಿಸಿಕೊಳ್ಳುತ್ತದೆ. ಇದನ್ನು ದಾಟಿದರೆ ಕಷ್ಟದ ಕತೆ ಶುರು. ಕೈಗೆ ಮುಳ್ಳು ಚುಚ್ಚಿ ಸೋಂಕಾದರೆ ಆ ಜಾಗ ಊದಿಕೊಳ್ಳುತ್ತದೆ, ಊದಿಕೊಳ್ಳಲು ಚರ್ಮ ಹಿಗ್ಗುತ್ತದೆ. ತಿರುಳಿಗೆ ಆ ಅವಕಾಶವಿಲ್ಲ. ನಾಲ್ಕೂ ಕಡೆ ಕಲ್ಲಿನಂಥ ಗೋಡೆ, ಕೆಳಗೆ ಸೂಜಿಮೊನೆಯಷ್ಟು ಕಿಂಡಿ. ಒಳಗೆ ಉರಿಯೂತವಾದಾಗ ಒತ್ತಡ ಏರುತ್ತದೆ, ನರ ಅದರಲ್ಲಿ ಸಿಕ್ಕಿಕೊಳ್ಳುತ್ತದೆ, ರಕ್ತದ ಓಡಾಟ ಕುಗ್ಗುತ್ತದೆ. ಆಗ ಬರುವ ನೋವಿಗೆ ಏನೂ ತಾಕಬೇಕಾಗಿಲ್ಲ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದರಿಂದ ರಾತ್ರಿ ಅದು ಇಮ್ಮಡಿಯಾಗುತ್ತದೆ. ಮನೆಯವರೆಲ್ಲ ಮಲಗಿದ ಮೇಲೆ ಗೋಡೆಗೆ ಒರಗಿ ಕುಳಿತು ಬೆಳಗು ಮಾಡಿದವರನ್ನು ನಾನು ವಾರಕ್ಕೆ ಮೂರು ನಾಲ್ಕು ಮಂದಿಯನ್ನಾದರೂ ನೋಡುತ್ತೇನೆ. ಕೆಲವರು ಕೈಯಲ್ಲಿ ತಣ್ಣೀರಿನ ಬಾಟಲಿ ಹಿಡಿದೇ ಒಳಗೆ ಬರುತ್ತಾರೆ. ಎರಡು ನಿಮಿಷಕ್ಕೊಮ್ಮೆ ಒಂದು ಗುಟುಕನ್ನು ಬಾಯಿಗೆ ಹಾಕಿಕೊಂಡು ಆ ಹಲ್ಲಿನ ಮೇಲೆ ನಿಲ್ಲಿಸಿಕೊಳ್ಳುತ್ತಾರೆ, ನೀರು ಬಾಯಿಯಲ್ಲಿ ಬೆಚ್ಚಗಾದ ಕೂಡಲೇ ಮುಖ ಕಿವುಚುತ್ತಾರೆ. ಅವರು ಬಾಯಿ ತೆರೆಯುವ ಮೊದಲೇ ಯಾವ ಹಂತ ಎಂಬುದು ನನಗೆ ಬಹುಮಟ್ಟಿಗೆ ತಿಳಿದುಬಿಡುತ್ತದೆ.

ಈ ನೋವಿಗೆ ಇನ್ನೊಂದು ಗುಣವಿದೆ, ಅದು ತನ್ನ ಜಾಗವನ್ನು ಸರಿಯಾಗಿ ಹೇಳುವುದಿಲ್ಲ. ಕೆಳದವಡೆಯ ಹಲ್ಲಿನ ನೋವು ಕಿವಿಯಲ್ಲಿ ಕಾಣಿಸಿಕೊಳ್ಳುತ್ತದೆ. ಕಿವಿಗೆ ಹನಿ ಹಾಕಿಸಿಕೊಂಡು ಹತ್ತು ದಿನ ಕಳೆದವರಿದ್ದಾರೆ. ಮೇಲಿನ ಹಲ್ಲು ಕೆಟ್ಟಿದ್ದರೆ ಕೆಳಗಿನದನ್ನು ತೋರಿಸುವವರುಂಟು. ಆದರೆ ಬಲಗಡೆಯ ಹಲ್ಲಿನ ನೋವು ಮುಖದ ನಡುಗೆರೆಯನ್ನು ದಾಟಿ ಎಡಗಡೆಗೆ ಹೋಗುವುದಿಲ್ಲ. ಆದ್ದರಿಂದ ಇದೇ ಹಲ್ಲು ತೆಗೆಯಿರಿ ಎಂದು ಬೆರಳಿಟ್ಟು ಹೇಳಿದರೂ, ವೈದ್ಯರು ಪಕ್ಕದ ಹಲ್ಲುಗಳನ್ನೂ ತಟ್ಟಿ, ತಣ್ಣನೆಯದನ್ನು ತಾಕಿಸಿ, ಎಕ್ಸ್‌ರೇ ತೆಗೆದು ನೋಡಿದರೆ ಬೇಸರಪಡಬೇಡಿ. ತಪ್ಪಾದ ಹಲ್ಲನ್ನು ಕಿತ್ತ ಮೇಲೆ ಅದನ್ನು ಮೊದಲಿದ್ದಂತೆ ಕೂರಿಸುವುದು ಸುಲಭವಲ್ಲ.

ಇನ್ನು ಮೊದಲನೆಯ ಮೋಸ. ಒತ್ತಡದಲ್ಲಿ ಸಿಕ್ಕಿದ ತಿರುಳು ಕೆಲವು ದಿನಗಳಲ್ಲೋ ವಾರಗಳಲ್ಲೋ ಸಾಯುತ್ತದೆ, ನೋವು ನಿಲ್ಲುತ್ತದೆ. ಅದೇ ಹೊತ್ತಿಗೆ ಲವಂಗದ ಎಣ್ಣೆ, ಇಂಗು, ಮೆಡಿಕಲ್ ಸ್ಟೋರಿನ ಮಾತ್ರೆ, ಯಾವುದನ್ನು ಬಳಸಿದ್ದರೋ ಅದಕ್ಕೆ ಯಶಸ್ಸಿನ ಹೆಸರು ಬರುತ್ತದೆ. ಲವಂಗದಲ್ಲಿರುವ ಯೂಜಿನಾಲ್ ನರವನ್ನು ಸ್ವಲ್ಪ ಹೊತ್ತು ಮಂಕಾಗಿಸುವುದು ನಿಜ; ನಾವೂ ಅದನ್ನು ಬಳಸುತ್ತೇವೆ. ಆದರೆ ಅದು ಕುಳಿಯನ್ನು ಮುಚ್ಚುವುದಿಲ್ಲ, ಸತ್ತದ್ದನ್ನು ಬದುಕಿಸುವುದೂ ಇಲ್ಲ. ನೋವಿನ ಹಲ್ಲಿಗೆ ಹೊಗೆಸೊಪ್ಪು ಇಡುವುದನ್ನು ಮಾತ್ರ ದಯವಿಟ್ಟು ಬಿಡಿ, ಅದರಿಂದ ಬಾಯಿಗೆ ಬರುವ ಕ್ಯಾನ್ಸರ್ ಹಲ್ಲುನೋವಿಗಿಂತ ಎಷ್ಟೋ ದೊಡ್ಡ ಸಂಕಟ. ಸತ್ತ ತಿರುಳು ಆ ನಾಳದೊಳಗೆ ಕೊಳೆಯುತ್ತದೆ. ಅಲ್ಲಿಗೆ ರಕ್ತ ಹೋಗುವುದಿಲ್ಲವಾದ್ದರಿಂದ ದೇಹದ ರಕ್ಷಣಾ ಕಣಗಳೂ ಹೋಗಲಾರವು, ನೀವು ನುಂಗಿದ ಆ್ಯಂಟಿಬಯಾಟಿಕ್ ಕೂಡ ಹೋಗಲಾರದು. ಬ್ಯಾಕ್ಟೀರಿಯಾಗಳು ಬೇರಿನ ತುದಿಯ ರಂಧ್ರದಿಂದ ಹೊರಗಿನ ಮೂಳೆಗೆ ತಮ್ಮ ವಿಷವನ್ನು ಸುರಿಸುತ್ತವೆ, ಮೂಳೆ ಕರಗಿ ಅಲ್ಲೊಂದು ಗೂಡಾಗುತ್ತದೆ. ಇದೆಲ್ಲವೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಒಂದು ಚೂರೂ ನೋವಿಲ್ಲದೆ ನಡೆಯಬಲ್ಲದು. ಕೆಲವರಿಗೆ ಒಸಡಿನ ಮೇಲೆ ಸಣ್ಣ ಗುಳ್ಳೆ ಎದ್ದು, ಒಡೆದು, ಬಾಯಿ ಉಪ್ಪುಪ್ಪಾಗಿ, ಮತ್ತೆ ಮಾಯವಾಗುತ್ತದೆ. ಕೀವು ಹೊರಗೆ ಹರಿಯಲು ದಾರಿ ಸಿಕ್ಕಿದ್ದರಿಂದಲೇ ಅವರಿಗೆ ನೋವಿಲ್ಲ. ಆ ದಾರಿ ಮುಚ್ಚಿದ ದಿನ ಕೆನ್ನೆ ಊದುತ್ತದೆ, ನಮ್ಮ ಮಳವಳ್ಳಿಯ ತಾಯಿಗೆ ಆದಂತೆ.

ಊತ ಬಂದಾಗ ಹೊರಗಿನಿಂದ ಬಿಸಿ ಶಾಖ ಕೊಡಬೇಡಿ, ಅದು ಕೀವನ್ನು ಕೆನ್ನೆಯ ಚರ್ಮದ ಕಡೆಗೆ ಎಳೆಯುತ್ತದೆ. ಕೆಳದವಡೆಯ ಅಡಿಯಲ್ಲಿ ಎರಡೂ ಕಡೆ ಊದಿ, ನಾಲಿಗೆ ಮೇಲಕ್ಕೆ ಎದ್ದಂತಾಗಿ, ಉಗುಳು ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಅದು ಹಲ್ಲಿನ ಡಾಕ್ಟರ ಕ್ಲಿನಿಕ್ಕು ಬಾಗಿಲು ತೆರೆಯುವವರೆಗೆ ಕಾಯುವ ಸಂಗತಿಯಲ್ಲ. ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ಸೋಂಕು ಬೇಗ ಹರಡುತ್ತದೆ, ನಿಧಾನವಾಗಿ ಮಾಯುತ್ತದೆ. ಇಂಥ ಹರಡುವ ಊತ, ಜ್ವರ ಇದ್ದಾಗ ಆ್ಯಂಟಿಬಯಾಟಿಕ್ ಬೇಕೇ ಬೇಕು. ಬರೀ ಹಲ್ಲುನೋವಿಗೆ ಅಂಗಡಿಯಲ್ಲಿ ಕೇಳಿ ತೆಗೆದುಕೊಂಡರೆ ಅದರಿಂದ ಪ್ರಯೋಜನವಿಲ್ಲ.

ಬ್ಯಾಕ್ಟೀರಿಯಾಗಳೇ ಇದರ ಮೂಲ ಎಂದು ಅಷ್ಟು ಗಟ್ಟಿಯಾಗಿ ಹೇಗೆ ಹೇಳುತ್ತೀರಿ ಎಂದು ಓದಿದ ಹುಡುಗರು ಕೇಳುತ್ತಾರೆ. ಅಮೆರಿಕದಲ್ಲಿ ಕಾಕೆಹಾಶಿ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ಅವರಿಗೆ ಹೇಳುತ್ತೇನೆ. ಅವರು ಎರಡು ಗುಂಪು ಇಲಿಗಳ ಹಲ್ಲು ಕೊರೆದು ತಿರುಳನ್ನು ತೆರೆದಿಟ್ಟರು. ಒಂದು ಗುಂಪು ಸಾಮಾನ್ಯ ಇಲಿಗಳದು, ಇನ್ನೊಂದು ಹುಟ್ಟಿನಿಂದ ಒಂದು ಕ್ರಿಮಿಯೂ ಸೋಕದಂತೆ ಸಾಕಿದವು. ಮೊದಲನೆಯವುಗಳಲ್ಲಿ ತಿರುಳು ಸತ್ತು ಕೀವಾಯಿತು. ಎರಡನೆಯವುಗಳಲ್ಲಿ ತೆರೆದ ಗಾಯಕ್ಕೆ ಆಹಾರದ ಚೂರುಗಳು ಮೆತ್ತಿಕೊಂಡಿದ್ದರೂ ತಿರುಳು ಬದುಕಿ, ಗಾಯದ ಮೇಲೆ ಹೊಸ ಡೆಂಟಿನ್ನಿನ ಸೇತುವೆ ಕಟ್ಟಿಕೊಂಡಿತು. ರೂಟ್ ಕೆನಾಲ್ ಚಿಕಿತ್ಸೆಯ ಒಂದೊಂದು ಹೆಜ್ಜೆಯ ಉದ್ದೇಶವೂ ಇದರಿಂದ ಅರ್ಥವಾಗುತ್ತದೆ: ಕ್ರಿಮಿಗಳನ್ನು ಹೊರಗೆ ಹಾಕುವುದು, ಮತ್ತೆ ಒಳಗೆ ಬರದಂತೆ ಮುಚ್ಚುವುದು.

ಈ ಜಿಲ್ಲೆಯವರಿಗೆ ಕೆನಾಲ್ ಎಂಬ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಸುರಂಗ ಹೊಕ್ಕು ಹೊರಬಂದು, ಕವಲೊಡೆದು, ಕೊನೆಯ ಗದ್ದೆಯನ್ನು ಮುಟ್ಟಬೇಕು. ಮೇಲಿನ ಭಾಗದಲ್ಲಿ ಎಷ್ಟೇ ಚೆನ್ನಾಗಿ ಹೂಳೆತ್ತಿದರೂ ಕೊನೆಯ ಭಾಗದಲ್ಲಿ ಹೂಳು ನಿಂತರೆ ಅಲ್ಲಿನ ರೈತನ ಪಾಲಿಗೆ ಆ ಕೆಲಸ ಆಗಿಲ್ಲವೆಂದೇ ಅರ್ಥ. ನಾನು ಮಾಡುವುದೂ ಹೂಳೆತ್ತುವ ಕೆಲಸವೇ, ಅದೂ ಕತ್ತಲ ಸುರಂಗದೊಳಗೆ. ಹಲ್ಲಿನ ಒಟ್ಟು ಉದ್ದ ಸುಮಾರು 20ರಿಂದ 22 ಮಿಲಿಮೀಟರ್. ಅದರ ಕೊನೆಯ ಎರಡು ಮೂರು ಮಿಲಿಮೀಟರಿನಲ್ಲಿ ಏನು ಉಳಿಯಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮೊದಲು ಸೂಜಿ ಹಾಕಿ ಆ ಭಾಗವನ್ನು ಮರಗಟ್ಟಿಸುತ್ತೇವೆ. ಇಂದು ಎಲ್ಲೆಡೆ ಬಳಸುವ ಲಿಗ್ನೊಕೇನ್ ಅನ್ನು ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದರು. ರೂಟ್ ಕೆನಾಲ್ ಎಂದರೆ ಪ್ರಾಣ ಹೋಗುವ ನೋವು ಎಂಬ ಹೆಸರು ಇಂಥ ಔಷಧಗಳು ಬರುವುದಕ್ಕೆ ಮುಂಚಿನ ಕಾಲದ ಉಳಿಕೆ. ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ತೀವ್ರ ಉರಿಯೂತವಾಗಿರುವ ಹಲ್ಲಿಗೆ, ಮುಖ್ಯವಾಗಿ ಕೆಳಗಿನ ದವಡೆ ಹಲ್ಲಿಗೆ, ಕೆಲವೊಮ್ಮೆ ಮೊದಲ ಸೂಜಿ ಪೂರ್ತಿ ಹಿಡಿಯುವುದಿಲ್ಲ. ತುಟಿ ಜೋಮು ಹಿಡಿದಿದ್ದರೂ ಒಳಗಿನ ನರ ಎಚ್ಚರವಿರುತ್ತದೆ. ಹಾಗಾದರೆ ಸಹಿಸಿಕೊಂಡು ಕೂರಬೇಡಿ, ಎಡಗೈ ಎತ್ತಿ. ಬೇರೆ ಜಾಗದಲ್ಲಿ ಇನ್ನೊಂದು ಸೂಜಿ ಹಾಕಬಹುದು. ಕೈ ಎತ್ತಿದ್ದಕ್ಕೆ ಬೈಯುವ ವೈದ್ಯರಿಗಿಂತ ನಿಮ್ಮ ನೋವು ದೊಡ್ಡದು.

ಆಮೇಲೆ ಹಲ್ಲಿನ ಸುತ್ತ ತೆಳುವಾದ ರಬ್ಬರ್ ಹಾಳೆಯನ್ನು ಕಟ್ಟಿ, ಆ ಒಂದು ಹಲ್ಲು ಮಾತ್ರ ಹೊರಗೆ ಕಾಣುವಂತೆ ಮಾಡುತ್ತೇವೆ. 1864ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಬಾರ್ನಮ್ ರೂಢಿಗೆ ತಂದ ಈ ಸರಳ ಹಾಳೆಯ ಬೆಲೆ ಬಹಳ ಕಡಿಮೆ, ಪ್ರಯೋಜನ ಬಹಳ ಹೆಚ್ಚು. ಉಗುಳಿನಲ್ಲಿರುವ ಕ್ರಿಮಿಗಳು ಒಳಗೆ ಹೋಗುವುದನ್ನು ಅದು ತಡೆಯುತ್ತದೆ, ಕೈಜಾರಿದ ಉಪಕರಣ ಗಂಟಲಿಗೆ ಇಳಿಯದಂತೆ ಕಾಯುತ್ತದೆ. ಸಮಯ ಹಿಡಿಯುತ್ತದೆಂದು ಅದನ್ನು ಬಿಟ್ಟುಬಿಡುವ ಅಭ್ಯಾಸ ನಮ್ಮ ವೃತ್ತಿಯಲ್ಲಿದೆ, ಇದು ನನಗೆ ತುಂಬ ನೋವು ತರುವ ಸಂಗತಿ. ರಬ್ಬರ್ ಹಾಳೆ ಹಾಕುತ್ತೀರಾ ಎಂದು ಕೇಳುವ ಹಕ್ಕು ನಿಮಗಿದೆ.

ಹಲ್ಲಿನ ಮೇಲ್ಭಾಗದಲ್ಲಿ ಕಿಂಡಿ ತೆರೆದು ಒಳಗಿನ ಕೋಣೆಯನ್ನು ತಲುಪಿದಾಗ, ಅದರ ನೆಲದಲ್ಲಿ ನಾಳಗಳ ಬಾಯಿ ಸಣ್ಣ ಚುಕ್ಕೆಗಳಂತೆ ಕಾಣುತ್ತದೆ. ಮೇಲಿನ ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದು. ಮೇಲಿನ ಮೊದಲ ದವಡೆ ಹಲ್ಲಿಗೆ ಮೂರು ಬೇರು, ಆದರೆ ನಾಳ ಬಹಳಷ್ಟು ಸಲ ನಾಲ್ಕು. ಕೆನ್ನೆಯ ಕಡೆಯ ಮುಂದಿನ ಬೇರಿನಲ್ಲಿ ಒಂದರ ಮಗ್ಗುಲಿಗೆ ಇನ್ನೊಂದು ಅಡಗಿರುತ್ತದೆ. ಆ ನಾಲ್ಕನೆಯದನ್ನು ಹುಡುಕಲು ಒಮ್ಮೊಮ್ಮೆ ಅರ್ಧ ಗಂಟೆ ಹಿಡಿದದ್ದುಂಟು. ಅದು ತಪ್ಪಿದರೆ ಉಳಿದ ಮೂರನ್ನು ಎಷ್ಟು ಚೆನ್ನಾಗಿ ಮಾಡಿದರೂ ಹಲ್ಲು ಮತ್ತೆ ತಿರುಗಿ ಬೀಳುತ್ತದೆ. ಪ್ರತಿ ನಾಳದ ಉದ್ದವನ್ನು ಎಕ್ಸ್‌ರೇಯಿಂದಲೂ, ವಿದ್ಯುತ್ ರೋಧವನ್ನು ಅಳೆದು ಬೇರಿನ ತುದಿಯನ್ನು ಗುರುತಿಸುವ ಸಣ್ಣ ಯಂತ್ರದಿಂದಲೂ ಅಳೆಯುತ್ತೇವೆ. ನೀವು ಕುರ್ಚಿಯಲ್ಲಿ ಕೇಳುವ ಬೀಪ್ ಬೀಪ್ ಶಬ್ದ ಅದರದೇ. ಆಮೇಲೆ ಫೈಲ್ ಎಂಬ, ಕೂದಲಿನಂಥ ಸಣ್ಣ ಅರಗಳಿಂದ ನಾಳದ ಗೋಡೆಯನ್ನು ಉಜ್ಜುತ್ತೇವೆ. ಬಿಳಿ ಹಿಡಿಯ 15ನೆಯ ನಂಬರಿನ ಫೈಲಿನ ಮೊನೆ 0.15 ಮಿಲಿಮೀಟರ್, ಹಳದಿ 20, ಕೆಂಪು 25, ನೀಲಿ 30, ಹೀಗೆ ಬಣ್ಣದಿಂದಲೇ ಅಳತೆ ತಿಳಿಯುತ್ತದೆ. ಮೊದಲು ಇವೆಲ್ಲ ಉಕ್ಕಿನವು, ಬಾಗಿದ ಬೇರಿನಲ್ಲಿ ನೇರವಾಗಲು ಹೆಣಗುತ್ತಿದ್ದವು. ಹಲ್ಲಿಗೆ ಕ್ಲಿಪ್ ಹಾಕುವ ನಿಕ್ಕಲ್ ಟೈಟಾನಿಯಂ ತಂತಿಯಿಂದ ಫೈಲ್ ಮಾಡಬಹುದೆಂದು 1988ರಲ್ಲಿ ತೋರಿಸಿದ ಮೇಲೆ, ಬೇರಿನ ಬಾಗನ್ನು ಅನುಸರಿಸಿ ತಾನೂ ಬಾಗುವ ಉಪಕರಣ ನಮ್ಮ ಕೈಗೆ ಬಂತು.

ಆದರೆ ಫೈಲ್ ಎಲ್ಲ ಕಡೆಯೂ ಮುಟ್ಟುವುದಿಲ್ಲ. ನಾಳದ ಗೋಡೆಯ ಮೂರನೆಯ ಒಂದರಷ್ಟು ಅಥವಾ ಅದಕ್ಕೂ ಹೆಚ್ಚು ಭಾಗ ಯಾವ ಫೈಲಿಗೂ ಸಿಗದೆ ಉಳಿಯುತ್ತದೆಂದು ಸೂಕ್ಷ್ಮ ಸ್ಕ್ಯಾನ್‌ಗಳಿಂದ ಗೊತ್ತಾಗಿದೆ. ಆದ್ದರಿಂದ ಉಜ್ಜುವುದಕ್ಕಿಂತ ತೊಳೆಯುವುದು ದೊಡ್ಡ ಕೆಲಸ. ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಕ್ರಿಮಿಯನ್ನೂ ಕೊಲ್ಲುತ್ತದೆ, ಸತ್ತ ತಿರುಳನ್ನೂ ಕರಗಿಸುತ್ತದೆ. ನಲ್ಲಿ ನೀರಿನಲ್ಲಿ ಒಮ್ಮೊಮ್ಮೆ ಬರುವ ಕ್ಲೋರಿನ್ ವಾಸನೆ ಚಿಕಿತ್ಸೆಯ ವೇಳೆ ಮೂಗಿಗೆ ಬಡಿದರೆ ಗಾಬರಿಯಾಗಬೇಡಿ, ಅದು ಇದೇ ದ್ರಾವಣದ್ದು. ಸೋಂಕು ಹೆಚ್ಚಿದ್ದು ಒಂದೇ ಸಲಕ್ಕೆ ಮುಗಿಸಲಾಗದಿದ್ದರೆ ನಾಳದಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿ ಒಂದೆರಡು ವಾರ ಬಿಡುತ್ತೇವೆ. ಹೆಸರು ದೊಡ್ಡದಾದರೂ ವಸ್ತು ನಿಮಗೆ ಗೊತ್ತಿರುವುದೇ, ಅರಳಿಸಿದ ಸುಣ್ಣ. ಅದರ ತೀವ್ರ ಕ್ಷಾರಗುಣದಲ್ಲಿ ಹೆಚ್ಚಿನ ಕ್ರಿಮಿಗಳು ಬದುಕಲಾರವು. ಜರ್ಮನಿಯ ಹೆರ್ಮನ್ 1920ರಲ್ಲಿ ಇದನ್ನು ದಂತಚಿಕಿತ್ಸೆಗೆ ತಂದರು. ಎಲೆಅಡಿಕೆಯ ಸುಣ್ಣವನ್ನು ಮನೆಯಲ್ಲಿ ಹಲ್ಲಿಗೆ ತುಂಬಿಕೊಳ್ಳಬೇಡಿ, ನಾಲಿಗೆ ಕೆನ್ನೆ ಸುಟ್ಟುಹೋಗುತ್ತವೆ. ಎಲ್ಲ ಶುದ್ಧವಾಗಿ ಒಣಗಿದ ಮೇಲೆ ಗಟ್ಟಾಪರ್ಚಾ ಎಂಬ ನಸುಗೆಂಪು ಕಡ್ಡಿಗಳನ್ನು ಅಂಟಿನೊಂದಿಗೆ ಸೇರಿಸಿ ನಾಳವನ್ನು ತುದಿಯವರೆಗೆ ತುಂಬುತ್ತೇವೆ. ಇದು ಮಲಯ ಪ್ರದೇಶದ ಒಂದು ಮರದ ಹಾಲಿನಿಂದ ಬರುವ, ರಬ್ಬರಿನ ದಾಯಾದಿಯಂಥ ವಸ್ತು. ದೇಹಕ್ಕೆ ಒಗ್ಗುತ್ತದೆ, ಮುಂದೆಂದಾದರೂ ಬೇಕಾದರೆ ಕರಗಿಸಿ ತೆಗೆಯಲೂ ಬರುತ್ತದೆ.

ಎರಡನೆಯ ಮೋಸ ಈ ನಡುವೆಯೇ ಇದೆ. ಮೊದಲ ದಿನ ಒಳಗಿನ ಉರಿದ ತಿರುಳನ್ನು ತೆಗೆದ ಕೂಡಲೇ ಒತ್ತಡ ಇಳಿಯುತ್ತದೆ, ಆ ರಾತ್ರಿ ಅವರು ನಿದ್ದೆ ಮಾಡುತ್ತಾರೆ. ಹಲ್ಲಿನ ಮೇಲೆ ನಾವು ಹಾಕಿ ಕಳಿಸಿದ್ದು ಕೆಲವು ವಾರ ಮಾತ್ರ ತಡೆಯುವ ತಾತ್ಕಾಲಿಕ ಸಿಮೆಂಟ್. ನಾಟಿ ಬಂತು, ಮಗಳ ಬಾಣಂತನ ಬಂತು, ಕಬ್ಬು ಕಡಿಯುವವರು ಸಿಕ್ಕಿದರು. ನೋವೂ ಇಲ್ಲ, ಖರ್ಚೂ ಇದೆ. ಈ ಕಾರಣಗಳು ಯಾವುವೂ ಸುಳ್ಳಲ್ಲ, ಅವರನ್ನು ನಾನು ದೂರುವುದಿಲ್ಲ. ಏಳು ತಿಂಗಳ ಮೇಲೆ ಬಂದಾಗ ಸಿಮೆಂಟ್ ಸವೆದು, ಉಗುಳು ಒಳಗಿಳಿದು, ನಾವು ತೊಳೆದ ನಾಳದಲ್ಲಿ ಹೊಸ ಕ್ರಿಮಿಗಳು ಮನೆ ಮಾಡಿರುತ್ತವೆ. ಎಷ್ಟೋ ಸಲ ಹಲ್ಲಿನ ಗೋಡೆಯೇ ಕುಸಿದಿರುತ್ತದೆ. ಎಲ್ಲ ಸಲ ಬರಲು ಆಗುವುದಿಲ್ಲವೆಂದು ಮೊದಲೇ ಹೇಳಿದರೆ, ಸಾಧ್ಯವಿರುವ ಹಲ್ಲನ್ನು ಒಂದೇ ಸಲಕ್ಕೆ ಕೂತು ಮುಗಿಸುವ ಬಗೆಯೂ ಇದೆ. ಖರ್ಚು ತಡೆಯುತ್ತಿದ್ದರೆ ಮೈಸೂರಿನ ದಂತವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗೆ ಹೋಗಿ. ಅಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರೇ ಈ ಕೆಲಸ ಮಾಡುತ್ತಾರೆ, ಹೊತ್ತು ಹೆಚ್ಚು ಹಿಡಿಯುತ್ತದೆ, ಹಣ ಕಡಿಮೆ ಸಾಕು.

ಮೂರನೆಯ ಮೋಸ ಕ್ಯಾಪಿನ, ಅಂದರೆ ಹಲ್ಲನ್ನು ಮೇಲಿನಿಂದ ಮುಚ್ಚುವ ಕವಚದ ವಿಷಯ. ನಾಳ ತುಂಬಿ ಮುಗಿದ ಮೇಲೆ ಹಲ್ಲು ಎಲ್ಲ ರೀತಿಯಲ್ಲೂ ಸುಮ್ಮನಿರುತ್ತದೆ, ಆದ್ದರಿಂದ ಕ್ಯಾಪ್ ಹಾಕಿಸಿ ಎಂದರೆ ಹಣಕ್ಕಾಗಿ ಹೇಳುತ್ತಿದ್ದಾರೆಂದು ಅನ್ನಿಸುವುದು ಸಹಜ. ಕುಳಿಯಿಂದಲೂ, ನಾವು ತೆರೆದ ಕಿಂಡಿಯಿಂದಲೂ ದವಡೆ ಹಲ್ಲಿನ ಬಹುಭಾಗ ಹೋಗಿರುತ್ತದೆ, ಉಳಿದ ಗೋಡೆಗಳು ಅಗಿಯುವಾಗ ಹೊರಕ್ಕೆ ಬಾಗುತ್ತವೆ. ಅಮೆರಿಕದಲ್ಲಿ 14 ಲಕ್ಷಕ್ಕೂ ಹೆಚ್ಚು ಹಲ್ಲುಗಳ ದಾಖಲೆಯನ್ನು ಆಧರಿಸಿ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರೂಟ್ ಕೆನಾಲ್ ಆದ ಹಲ್ಲುಗಳಲ್ಲಿ ಶೇ 97ರಷ್ಟು ಎಂಟು ವರ್ಷಗಳ ಮೇಲೂ ಬಾಯಿಯಲ್ಲೇ ಇದ್ದವು. ಅದೇ ಅಧ್ಯಯನದಲ್ಲಿ, ಕೀಳಬೇಕಾಗಿ ಬಂದವುಗಳಲ್ಲಿ ಶೇ 85ರಷ್ಟು ಹಲ್ಲುಗಳಿಗೆ ಪೂರ್ತಿ ಮುಚ್ಚುವ ಕ್ಯಾಪ್ ಇರಲಿಲ್ಲ. ಒಂದು ಸಂಕ್ರಾಂತಿಯ ಮರುದಿನ ಯುವಕನೊಬ್ಬ ಬಂದ. ಕಬ್ಬಿನ ಜಲ್ಲೆಯ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿಯುವಾಗ, ಕ್ಯಾಪ್ ಹಾಕಿಸದೆ ಬಿಟ್ಟಿದ್ದ ದವಡೆ ಹಲ್ಲು ಬೇರಿನವರೆಗೆ ಎರಡು ಹೋಳಾಗಿತ್ತು. ಎರಡು ಗಂಟೆ ಕೂತು ಮಾಡಿದ ಕೆಲಸ ನನ್ನ ಕಣ್ಣೆದುರೇ ಇಕ್ಕಳದಲ್ಲಿ ಹೊರಬಂತು. ಆ ದಿನ ನನಗೆ ಅವನಷ್ಟೇ ಬೇಸರವಾಗಿತ್ತು. ಮುಂದಿನ ಹಲ್ಲುಗಳ ಮೇಲೆ ಅಗಿಯುವ ಭಾರ ಬೇರೆ ಬಗೆಯದು. ಅಲ್ಲಿ ಹಲ್ಲು ಸಾಕಷ್ಟು ಉಳಿದಿದ್ದರೆ ಕ್ಯಾಪ್ ಇಲ್ಲದೆಯೂ ನಡೆಯುತ್ತದೆ. ಎಲ್ಲ ಹಲ್ಲಿಗೂ ಬೇಕೆಂದು ನಾನು ಹೇಳುತ್ತಿಲ್ಲ.

ಇಷ್ಟೆಲ್ಲ ತಾಪತ್ರಯ ಯಾಕೆ, ಕಿತ್ತುಹಾಕಿದರೆ ಆಯಿತಲ್ಲ, ಮುದ್ದೆ ನುಂಗಲು ಹಲ್ಲು ಯಾಕೆ ಬೇಕು ಎನ್ನುವವರು ನಮ್ಮ ಜಿಲ್ಲೆಯಲ್ಲಿ ಬಹಳ. ಮುದ್ದೆಯನ್ನು ಅಗಿಯುವುದಿಲ್ಲ, ನಿಜ. ಆದರೆ ಅದರ ಜೊತೆಗಿನ ಕಾಳುಸಾರಿನ ಕಾಳು, ಸೊಪ್ಪಿನ ದಂಟು, ಬಾಡಿನ ತುಂಡು? ಒಂದು ದವಡೆ ಹಲ್ಲು ಹೋದರೆ ಪಕ್ಕದವು ಆ ಜಾಗಕ್ಕೆ ವಾಲುತ್ತವೆ, ಎದುರಿನ ಹಲ್ಲು ಆಸರೆ ತಪ್ಪಿ ಇಳಿಯುತ್ತದೆ, ಅಗಿಯುವ ಅಭ್ಯಾಸ ಇನ್ನೊಂದು ಕಡೆಗೆ ಸರಿಯುತ್ತದೆ. ಬೇರು ಉದ್ದಕ್ಕೆ ಸೀಳಿದ್ದರೆ, ಒಸಡಿನ ರೋಗದಿಂದ ಹಲ್ಲು ಅಲುಗಾಡುತ್ತಿದ್ದರೆ, ಕ್ಯಾಪ್ ಹಿಡಿಯುವಷ್ಟೂ ಹಲ್ಲು ಉಳಿದಿಲ್ಲದಿದ್ದರೆ ಕೀಳುವುದೇ ಸರಿ. ಅಂಥಲ್ಲಿ ರೂಟ್ ಕೆನಾಲ್ ಮಾಡಿ ಹಣ ತೆಗೆದುಕೊಳ್ಳುವುದು ತಪ್ಪು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ, ಹಲ್ಲಿನ ನರಕ್ಕೂ ನೋಟದ ನರಕ್ಕೂ ಸಂಬಂಧವಿಲ್ಲ. ನರ ತೆಗೆದ ಹಲ್ಲು ಬಾಯಲ್ಲಿಟ್ಟ ಹೆಣ ಎಂದು ಮೊಬೈಲಿನಲ್ಲಿ ಬರುವ ಸಂದೇಶವೂ ಸುಳ್ಳು. ಬೆಳೆದ ಹಲ್ಲನ್ನು ಹಿಡಿದು ಪೋಷಿಸುವುದು ಬೇರಿನ ಸುತ್ತಲಿನ ತಂತುಗಳು, ಅವು ಚಿಕಿತ್ಸೆಯ ಮೇಲೂ ಜೀವಂತವಾಗಿಯೇ ಇರುತ್ತವೆ. ಆದ್ದರಿಂದಲೇ ಅಂಥ ಹಲ್ಲಿನಲ್ಲಿ ಕಲ್ಲು ಕಡಿದರೆ ನಿಮಗೆ ಗೊತ್ತಾಗುತ್ತದೆ.

ತಾಯಂದಿರಿಗೆ ಒಂದು ಮಾತು. ಮಗುವಿಗೆ ಆರು ವರ್ಷವಾದಾಗ, ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ ನಾಲ್ಕು ದೊಡ್ಡ ದವಡೆ ಹಲ್ಲುಗಳು ಬರುತ್ತವೆ. ಹಾಲುಹಲ್ಲು ಉದುರಿ ಬಂದದ್ದಲ್ಲವಾದ್ದರಿಂದ ಅದೂ ಹಾಲುಹಲ್ಲೇ, ಹೇಗಿದ್ದರೂ ಬಿದ್ದುಹೋಗುತ್ತದೆ ಎಂದುಕೊಂಡು ಕುಳಿಯನ್ನು ಹಾಗೇ ಬಿಡುತ್ತಾರೆ. ಅದು ಸಾಯುವವರೆಗೆ ಇರಬೇಕಾದ ಹಲ್ಲು. ನಾನು ರೂಟ್ ಕೆನಾಲ್ ಮಾಡುವ ಹದಿಹರೆಯದ ಮಕ್ಕಳಲ್ಲಿ ಹೆಚ್ಚಿನವರದು ಇದೇ ಹಲ್ಲು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ಒಂದು ಪ್ರಶ್ನೆ ಕೇಳಿದರು. "ನೋವು ನಿಂತರೆ ವಾಸಿಯಾಯಿತು ಎನ್ನಬಾರದು ಎಂದಿರಿ. ಹಾಗಾದರೆ ನೀವು ಮಾಡಿದ ಮೇಲೆ ವಾಸಿಯಾಯಿತೆಂದು ನಿಮಗಾದರೂ ಹೇಗೆ ತಿಳಿಯುತ್ತದೆ ಸ್ವಾಮಿ?" ಅಂದಿನ ಅತ್ಯುತ್ತಮ ಪ್ರಶ್ನೆ ಅದು. ಉತ್ತರವಾಗಿ ನಾನು ಮಳವಳ್ಳಿಯ ತಾಯಿಯ ಎರಡು ಎಕ್ಸ್‌ರೇಗಳನ್ನು ತೆರೆಯ ಮೇಲೆ ತೋರಿಸಿದೆ. ಊತ ಇಳಿದ ಮೇಲೆ ಅವರು ಹೇಳಿದ ದಿನಕ್ಕೆಲ್ಲ ಬಸ್ಸು ಹಿಡಿದು ಬಂದು ಚಿಕಿತ್ಸೆ ಮುಗಿಸಿಕೊಂಡಿದ್ದರು. ಮೊದಲನೆಯ ಚಿತ್ರದಲ್ಲಿ ಬೇರಿನ ತುದಿಯಲ್ಲಿ ಅವರೆಕಾಳಿನಷ್ಟು ದೊಡ್ಡ ಕಪ್ಪು ನೆರಳಿದೆ, ಅದು ಮೂಳೆ ಕರಗಿದ ಜಾಗ. ಎರಡನೆಯದು ಒಂದು ವರ್ಷದ ನಂತರದ್ದು. ಬೇರಿನೊಳಗೆ ಗಟ್ಟಾಪರ್ಚಾದ ಬಿಳಿ ಗೆರೆಗಳು ತುದಿಯವರೆಗೆ ಇಳಿದಿವೆ, ನೆರಳಿದ್ದಲ್ಲಿ ಹೊಸ ಮೂಳೆಯ ಸಣ್ಣ ಎಳೆಗಳು ಜಾಲದಂತೆ ಹೆಣೆದುಕೊಂಡಿವೆ, ಮೂಲೆಯಲ್ಲಿ ರಾಗಿಕಾಳಿನಷ್ಟು ಕಪ್ಪು ಇನ್ನೂ ಉಳಿದಿದೆ. ಅದು ಪೂರ್ತಿ ತುಂಬಲು ಇನ್ನೂ ಒಂದೆರಡು ವರ್ಷ ಹಿಡಿಯಬಹುದು. ಮುಂದಿನ ಸುಗ್ಗಿ ಕಳೆದ ಮೇಲೆ ಇನ್ನೊಂದು ಎಕ್ಸ್‌ರೇ ತೆಗೆಸಿಕೊಳ್ಳಲು ಬರುತ್ತೇನೆಂದು ಅವರು ಹೇಳಿದ್ದಾರೆ.